ಬರ್ತೀನಿ ಅಂದಿದ್ದೇ ತಪ್ಪಾಯ್ತು

ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್ ಮಾಡುವುದು ನಮ್ಮ ಮೂವರ ಅಭ್ಯಾಸ. ನಾನು, ಮೇಷ್ಟ್ರು, ರಾಯರು. ಕಾಲಿಗೆ ಹತ್ತು ನಿಮಿಷ ಕೆಲಸ, ಉಳಿದದ್ದೆಲ್ಲ ಬಾಯಿಗೆ. ಇವತ್ತು ನಾವು ಹೋಗುವಷ್ಟರಲ್ಲಿ ರಾಯರು ಬೆಂಚಿನ ಮೇಲೆ ಕೂತುಬಿಟ್ಟಿದ್ದರು. ಕಣ್ಣು ಕೆಂಡದ ಹಾಗೆ ಆಗಿತ್ತು.

"ಏನ್ ರಾಯ್ರೇ, ರಾತ್ರಿ ನಿದ್ದೆ ಇಲ್ವಾ?"

"ಎಲ್ಲಿ ನಿದ್ದೆ! ಒಂದು ಮಾತು ಬಾಯಿಂದ ಬಂತು ನೋಡಿ. ನಾಲ್ಕು ಗಂಟೆವರೆಗೂ ಫ್ಯಾನಿನ ರೆಕ್ಕೆ ಎಣಿಸ್ತಾ ಮಲಗಿದ್ದೆ."

"ಮೂರೇ ಅಲ್ವಾ ಇರೋದು?"

"ಮೂರನ್ನೇ ಎಣಿಸಿದೆ."

ಇದಕ್ಕೆಲ್ಲ ಕಾರಣ ಮಹಡಿ ಹುಡುಗಿ. ಸರಸ್ವತಿಪುರಂನಲ್ಲಿ ರಾಯರ ಮನೆ. ಮೇಲಿನ ರೂಮಿನಲ್ಲಿ ಒಂದು ವರ್ಷದಿಂದ ಇಥಿಯೋಪಿಯಾದ ಹುಡುಗಿ ಇದ್ದಾಳೆ. ಮೈಸೂರು ಯೂನಿವರ್ಸಿಟಿಯ ಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದುತ್ತಾಳೆ. ಅವಳಿಗೆ ನಮ್ಮ ಸಂಸ್ಕೃತಿ ಕಲಿಸುತ್ತೇನೆ ಅಂತ ರಾಯರು ಹೊರಟಿದ್ದು ನಮಗೆಲ್ಲ ಗೊತ್ತು. ಅದು ಮೊದಲ ದಿನವೇ ಎಡವಿತ್ತು.

ವಿದೇಶದವರು ಮನೆಗೆ ಬಂದರೆ 24 ಗಂಟೆಯೊಳಗೆ ಒಂದು ಫಾರಂ ತುಂಬಬೇಕು ಅಂತ ಯಾರೋ ಹೇಳಿದ್ದರು. ರಾಯರು ಕನ್ನಡಕ ಏರಿಸಿ ಕಂಪ್ಯೂಟರ್ ಮುಂದೆ ಕೂತರು. "ಸರ್‌ನೇಮ್ ಹೇಳಮ್ಮ" ಅಂದರು. ಅವಳು ಇಲ್ಲ ಅಂದಳು. ಅವರಲ್ಲಿ ಮನೆತನದ ಹೆಸರೇ ಇಲ್ಲವಂತೆ. ಮೊದಲು ತನ್ನ ಹೆಸರು, ಆಮೇಲೆ ಅಪ್ಪನ ಹೆಸರು, ಬೇಕಾದರೆ ತಾತನದು.

"ನಮ್ದೂ ಅಷ್ಟೇ ಅಲ್ವೇನಮ್ಮ!" ಅಂತ ರಾಯರು ಕುರ್ಚಿಯಿಂದ ಎದ್ದೇಬಿಟ್ಟರಂತೆ. "ಊರಿಗೆ ಒಂದು ಇನಿಶಿಯಲ್, ಅಪ್ಪನಿಗೆ ಒಂದು ಇನಿಶಿಯಲ್. ನಲವತ್ತು ವರ್ಷದಿಂದ ಪ್ರತಿ ಫಾರಂನಲ್ಲೂ ಇದೇ ಗೋಳು."

ಅಲ್ಲಿಗೆ ಇಬ್ಬರೂ ಒಂದೇ ಪಾರ್ಟಿಯಾದರು.

ಆದರೆ ಅದೇ ವಾರ ರಾಯರ ಮನೆಯವರಿಗೆ ಒಂದು ಗಾಬರಿ ಶುರುವಾಯ್ತು. ಏನು ಕೇಳಿದರೂ ಈ ಹುಡುಗಿ ಹಾಂ ಅನ್ನುವುದಿಲ್ಲ, ಹೂಂ ಅನ್ನುವುದಿಲ್ಲ. "ಊಟ ಆಯ್ತಾ?" ಅಂದರೆ ಕಣ್ಣು ಅರಳಿಸಿ, ಬಾಯಿ ತೆರೆದು, ಹಕ್ ಅಂತ ಉಸಿರು ಒಳಗೆ ಎಳೆಯುತ್ತಾಳೆ. "ನೀರು ಬಂತಾ?" ಹಕ್. "ಬಟ್ಟೆ ಒಣಗಿತಾ?" ಹಕ್.

"ಪಾಪ, ಮೇಲುಸಿರು ಇರಬೇಕು ಕಣ್ರೀ" ಅಂತ ಅವರು ಮೂರು ದಿನ ಶುಂಠಿ, ಮೆಣಸು ಕುದಿಸಿ ಕಷಾಯ ಮಾಡಿ ಕೊಟ್ಟರು. ಹುಡುಗಿಯೂ ಮರ್ಯಾದೆಗೆ ಕುಡಿದಳು. "ಸ್ವಲ್ಪ ವಾಸಿನಾ ಮಗಾ?" ಅಂತ ಕೇಳಿದರೆ ಮತ್ತೆ ಹಕ್! ಕಷಾಯ ಎರಡು ಲೋಟಕ್ಕೆ ಏರಿತು.

ನಾಲ್ಕನೇ ದಿನ ಗುಟ್ಟು ಬಯಲಾಯ್ತು. ಅವರ ಊರಲ್ಲಿ ಹೌದು ಅನ್ನುವುದೇ ಹಾಗಂತೆ, ಉಸಿರು ಒಳಗೆ ಎಳೆದುಕೊಂಡು.

"ಅವಳೇನು ಕಡಿಮೆ?" ಅಂದರು ರಾಯರು. "ನಮ್ಮಾಕೆ ಕತ್ತು ಅಲ್ಲಾಡಿಸೋದು ನೋಡಿ, ಆಂಟಿಗೆ ಕುತ್ತಿಗೆ ನೋವಾ ಅಂತ ನನ್ನನ್ನ ಕೇಳಿದ್ಲು. ಆ ಅಲ್ಲಾಟ ಹೌದೋ ಅಲ್ಲವೋ, ಮೂವತ್ತೈದು ವರ್ಷ ಆಯ್ತು, ನನಗೇ ಗೊತ್ತಾಗಿಲ್ಲ."

ಮೇಷ್ಟ್ರಿಗೂ ಅವಳ ಮೇಲೆ ಸಣ್ಣ ಅಸಮಾಧಾನ ಇದೆ. ಕಾಗುಣಿತ ಕಲಿಸಲು ಹೋಗಿದ್ದರು. ಕ ಕಾ ಕಿ ಕೀ ಅಂತ ಬಾಯಿಪಾಠ ಮಾಡಿಸಲು ಆರು ತಿಂಗಳಾದರೂ ಬೇಕು ಅಂತ ಲೆಕ್ಕ ಹಾಕಿದ್ದರು. ಅವಳು ನೋಡಿ ನಕ್ಕಳಂತೆ. ಅವರ ಅಮ್ಹಾರಿಕ್ ಲಿಪಿಯಲ್ಲೂ ಒಂದೊಂದು ಅಕ್ಷರಕ್ಕೆ ಏಳೇಳು ರೂಪ. ಅಲ್ಲಿಯೂ ಅಕ್ಷರಕ್ಕೆ ಬಾಲ, ಕೊಂಬು, ಕಾಲು. ಎರಡೇ ವಾರದಲ್ಲಿ ಅಂಗಡಿ ಬೋರ್ಡು ಓದಲು ಶುರು ಮಾಡಿದಳು. ಮೇಷ್ಟ್ರ ಟ್ಯೂಷನ್ ಅಲ್ಲಿಗೆ ಮುಗಿಯಿತು.

"ಅದು ಬಿಡಿ, ನಮ್ಮ ಮುದ್ದೆ ಕಥೆ ಹೇಳಿ" ಅಂದೆ ನಾನು.

ರಾಯರು ಮುಖ ಹಿಂಡಿದರು. ಒಂದು ಭಾನುವಾರ ಅವಳನ್ನು ಊಟಕ್ಕೆ ಕರೆದು, ಮುದ್ದೆ, ಸೊಪ್ಪಿನ ಹುಳಿ ಬಡಿಸಿ, "ಇದು ರಾಗಿ. ಅಪ್ಪಟ ನಮ್ಮದು" ಅಂತ ಭಾಷಣ ಮಾಡಿದರಂತೆ. ಹುಡುಗಿ ಹಿಟ್ಟನ್ನು ನೋಡಿ, ಕಾಳನ್ನು ತರಿಸಿ ನೋಡಿ, "ಡಗುಸಾ!" ಅಂತ ಕೂಗಿದಳು. ರಾಗಿ ಮೊದಲು ಬೆಳೆದದ್ದೇ ಇಥಿಯೋಪಿಯಾ, ಉಗಾಂಡದ ಆ ಎತ್ತರದ ನೆಲದಲ್ಲಿ. ಅಲ್ಲಿಂದ ಇಲ್ಲಿಗೆ ಬಂದು ಸಾವಿರಾರು ವರ್ಷವಾಗಿದೆ ಅಷ್ಟೇ.

"ನಾವು ಇದರಲ್ಲಿ ಸಾರಾಯಿನೂ ಮಾಡ್ತೀವಿ ಅಂಕಲ್" ಅಂತ ಬೇರೆ ಸೇರಿಸಿದಳಂತೆ. ಪಂಚೆ ಉಟ್ಟು ಕೂತಿದ್ದ ರಾಯರಿಗೆ ತುತ್ತು ಗಂಟಲಲ್ಲೇ ನಿಂತಿತು. ಅವಳು ಮಾತ್ರ ಮುದ್ದೆಯನ್ನು ಚೂಯಿಂಗ್ ಗಮ್ಮಿನ ಹಾಗೆ ಅಗಿಯುತ್ತಾ ಕೂತಿದ್ದಳು. ಆ ಒಂದು ವಿಷಯದಲ್ಲಾದರೂ ರಾಯರು ಗೆದ್ದರು. "ಅಗೀಬಾರದಮ್ಮ, ನುಂಗಬೇಕು!"

ಇನ್ನು ಶುಕ್ರವಾರ. ರಾಯರ ಮನೆಯವರು ಪೂಜೆ ಮುಗಿಸಿ, ತುಪ್ಪ ಸುರಿದ ಹೋಳಿಗೆ ಹಿಡಿದು ಮಹಡಿ ಹತ್ತಿದರು. ಹುಡುಗಿ ಕೈ ಮುಗಿದಳು. ಬುಧವಾರ, ಶುಕ್ರವಾರ ಅವರಿಗೆ ಉಪವಾಸದ ದಿನ. ಅವರ ಚರ್ಚಿನ ಪದ್ಧತಿ. ಮಾಂಸ, ಮೊಟ್ಟೆ ಇಲ್ಲ ಸರಿ. ಹಾಲು, ತುಪ್ಪವೂ ಇಲ್ಲ. "ನನ್ನ ಶುಕ್ರವಾರಕ್ಕಿಂತ ಅವಳ ಶುಕ್ರವಾರ ಬಿಗಿಯಾಗಿದೆ ಕಣ್ರೀ" ಅಂತ ಅವರು ಹೋಳಿಗೆ ಸಮೇತ ಇಳಿದು ಬಂದರಂತೆ. ಆ ಹೋಳಿಗೆ ನನಗೆ ಸಿಕ್ಕಿತ್ತು. ಚೆನ್ನಾಗಿತ್ತು.

"ಸರಿ, ನಿನ್ನೆ ಏನಾಯ್ತು ಹೇಳಿ."

"ಕಾಫಿ ಆಯ್ತು" ಅಂದರು ರಾಯರು.

ಕಾಫಿ ಅಂದರೆ ಚಿಕ್ಕಮಗಳೂರು, ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದರು ಅಂತ ರಾಯರು ವರ್ಷವೆಲ್ಲ ಅವಳಿಗೆ ಹೇಳಿದ್ದಾರೆ. ಆ ಏಳು ಬೀಜ ಯೆಮನ್‌ಗೆ ಎಲ್ಲಿಂದ ಹೋಯ್ತು ಅಂತ ಅವಳು ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ನಿನ್ನೆ ಸಂಜೆ ಮಾತ್ರ, "ನಮ್ಮ ಊರಿನ ಕಾಫಿ ಮಾಡ್ತೀನಿ, ಬನ್ನಿ" ಅಂತ ಕರೆದಳು.

ಇವರು ಮೇಲೆ ಹೋದರೆ ನೆಲದ ತುಂಬ ಹಸಿ ಹುಲ್ಲು.

"ನಮ್ಮಾಕೆ ನನ್ನ ಕಿವೀಲಿ ಕೇಳಿದ್ಲು, ರೀ, ಹಸು ತರ್ತಾಳಾ ಅಂತ!"

ಹುಲ್ಲು ಹಾಸುವುದು ಅವರ ಪದ್ಧತಿ. ಹಸಿ ಬೀಜವನ್ನು ಬಾಣಲೆಯಲ್ಲಿ ಎದುರಿಗೇ ಹುರಿದಳು. ಹೊಗೆ ಬರುವಾಗ ಬಾಣಲೆಯನ್ನು ಒಬ್ಬೊಬ್ಬರ ಮೂಗಿನ ಹತ್ತಿರ ತಂದಳು, ಮಂಗಳಾರತಿ ತಂದ ಹಾಗೆ. ರಾಯರು ಎರಡೂ ಕೈಯಲ್ಲಿ ಹೊಗೆ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಜೊತೆಗೆ ಧೂಪ ಬೇರೆ. ಪಕ್ಕದ ಮನೆಯವರು ಕಾಂಪೌಂಡಿನಿಂದ "ಏನೋ ಸೀದು ಹೋಗ್ತಿದೆ ನೋಡ್ರೀ" ಅಂತ ಕೂಗಿದರು. ಉದ್ದ ಕತ್ತಿನ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿ ಇಲ್ಲದ ಪುಟ್ಟ ಬಟ್ಟಲಿಗೆ ಬಗ್ಗಿಸಿದಳು. ತಿನ್ನಲು ಪಾಪ್‌ಕಾರ್ನ್. ಹಾಲಿಲ್ಲ, ಚಿಕೋರಿ ಇಲ್ಲ.

"ಮೈಯೆಲ್ಲ ಎಚ್ಚರ ಆಗಿಬಿಡ್ತು ನೋಡಿ. ಕುಡಿದು ಎದ್ದೆ. ನಮ್ಮ ಕಡೆ ಹೇಳೋ ಹಾಗೆ, ಸರಿ ಬರ್ತೀನಮ್ಮ ಅಂದೆ. ಕೆಳಗೆ ಬಂದು ಮಲಗಿದೆ."

"ಅದರಲ್ಲಿ ತಪ್ಪೇನು?"

"ಅವರಲ್ಲಿ ಮೂರು ಸಲ ಕಾಫಿ ರೀ! ಮೂರನೇದು ಆಶೀರ್ವಾದದ್ದು, ಕುಡೀದೆ ಎದ್ದು ಹೋಗಬಾರದು. ಇಲ್ಲೇ ಎಲ್ಲೋ ಹೋಗಿದ್ದಾರೆ, ಬರ್ತೀನಿ ಅಂದಿದ್ದಾರಲ್ಲ ಅಂತ ಹೂಜಿ ಬಿಸಿ ಇಟ್ಕೊಂಡು ಒಂದೂವರೆ ಗಂಟೆ ಕಾದಿದ್ದಾಳೆ. ಹತ್ತು ಗಂಟೆಗೆ ಬಾಗಿಲು ತಟ್ಟಿದ್ಲು. ಕೈಯಲ್ಲಿ ಟ್ರೇ. 'ಅಂಕಲ್, ನೀವು ಬರಲೇ ಇಲ್ಲ.'"

ಮೇಷ್ಟ್ರು ಬೆಂಚು ಹಿಡಿದುಕೊಂಡು ನಕ್ಕರು. "ಹೋಗ್ತೀನಿ ಅಂದರೆ ಅಪಶಕುನ ಅಂತ ಹೇಳಬೇಕಿತ್ತು."

"ಹೇಳಿದೆ. ಹೋಗೋವಾಗ ಬರ್ತೀನಿ ಅಂದ್ರೆ, ಬರೋವಾಗ ಏನಂತೀರಿ ಅಂತ ಕೇಳಿದ್ಲು. ಯೋಚನೆ ಮಾಡ್ತಾ ಮಾಡ್ತಾ ಎರಡನೇದು, ಮೂರನೇದು ಎರಡೂ ಕುಡಿದೆ. ರಾತ್ರಿ ಹತ್ತೂವರೆಗೆ! ನಮ್ಮಾಕೆ ಚಾಣಾಕ್ಷೆ, ಮೇಲೇ ಕೂತು ಮೂರೂ ಮುಗಿಸಿ ಬಂದಿದ್ಲು. ಗೊರಕೆ ಹೊಡೀತಿದ್ಲು."

ಅಷ್ಟರಲ್ಲಿ ಫ್ಲಾಸ್ಕ್ ಹಿಡಿದ ಹುಡುಗ ಸೈಕಲ್ ನಿಲ್ಲಿಸಿದ. "ಸಾರ್, ಕಾಫಿ ಕೊಡ್ಲಾ?"

ನಾನು, ಮೇಷ್ಟ್ರು ರಾಯರ ಮುಖ ನೋಡಿದೆವು. ರಾಯರು ಕಣ್ಣು ಅರಳಿಸಿ, ಬಾಯಿ ತೆರೆದು, ಹಕ್ ಅಂತ ಉಸಿರು ಒಳಗೆ ಎಳೆದರು.

ಹುಡುಗ ಫ್ಲಾಸ್ಕ್ ಕೆಳಗಿಟ್ಟು ಓಡಿ ಬಂದ. "ಸಾರ್, ಎದೆ ನೋವಾ?"