ಕಾರವಾರದ ಸೀಬರ್ಡ್‌ಗೆ ಸರಳು ಸಾಗಿಸಲು ಟ್ರೇಲರ್ ಬಾಡಿಗೆಗೆ ಪಡೆಯಬಹುದೇ?

ಪ್ರಶ್ನೆ (ದಾವಣಗೆರೆಯಿಂದ): ಅಣ್ಣನವರೇ, ನಮಸ್ಕಾರ. ನನ್ನ ಹತ್ತಿರ ಆರು ಚಕ್ರದ ಎಂಜಿನ್ (ಟ್ರೇಲರ್ ಎಳೆಯುವ ಮುಂದಿನ ಗಾಡಿ) ಇದೆ, ಟ್ರೇಲರ್ ಇಲ್ಲ. ತೋರಣಗಲ್ಲಿನಿಂದ ಕಾರವಾರದ ಸೀಬರ್ಡ್ ನೌಕಾನೆಲೆಯ ಕಾಮಗಾರಿಗೆ ಕಬ್ಬಿಣದ ಸರಳು ಸಾಗಿಸುವ ಕೆಲಸ ಮೂರು ತಿಂಗಳಿಗೆ ಸಿಗುವಂತಿದೆ. ಟ್ರೇಲರನ್ನು ತಿಂಗಳ ಬಾಡಿಗೆಗೆ ಪಡೆಯಲೇ? ಇಪ್ಪತ್ತು ಅಡಿಯದು ಅಗ್ಗಕ್ಕೆ ಸಿಗುತ್ತದೆ ಎನ್ನುತ್ತಾರೆ.

ಉತ್ತರ (ಚಿತ್ರದುರ್ಗದ ಟ್ರೇಲರ್ ಮಾಲೀಕ): ಸ್ವಾಮಿ, ಇಪ್ಪತ್ತು ಅಡಿಯದನ್ನು ಮರೆತುಬಿಡಿ. ಸರಳು ಸಾಮಾನ್ಯವಾಗಿ 12 ಮೀಟರ್ ಉದ್ದ ಬರುತ್ತದೆ. ನಲವತ್ತು ಅಡಿ ಎಂದರೆ 12.19 ಮೀಟರ್, ಸರಿಯಾಗಿ ಕೂರುತ್ತದೆ.

ಬಾಡಿಗೆಗೆ ಪಡೆಯಬಹುದು. ಆದರೆ ಲೆಕ್ಕ ಎಲ್ಲಿ ತಪ್ಪುತ್ತದೆ ಎಂದು ಮೊದಲೇ ಹೇಳುತ್ತೇನೆ. ಟ್ರೇಲರ್ ಮಾಲೀಕನಿಗೆ ನೀವು ಕೊಡುವುದು ದಿನದ ಲೆಕ್ಕದಲ್ಲಿ, ಗುತ್ತಿಗೆದಾರ ನಿಮಗೆ ಕೊಡುವುದು ಟ್ರಿಪ್ಪಿನ ಲೆಕ್ಕದಲ್ಲಿ. ಇವೆರಡರ ನಡುವೆ ನೌಕಾನೆಲೆಯ ಗೇಟು ಇದೆ. ಅದು ಬಂದರಿನ ಗೋದಾಮಲ್ಲ. ಚಾಲಕ ಯಾರು, ಸಹಾಯಕ ಯಾರು, ಗಾಡಿ ಯಾವುದು ಎಂದು ಮೊದಲೇ ತಿಳಿಸಿ ಪಾಸ್ ಮಾಡಿಸಬೇಕು. ಕರಾವಳಿಯ ಒಂದು ರಕ್ಷಣಾ ಕಾಮಗಾರಿಗೆ ನಾನು ಮೊದಲ ಬಾರಿ ಲೋಡ್ ಒಯ್ದಾಗ ನನ್ನ ಚಾಲಕನ ಪರವಾನಗಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇತ್ತು. ನಾಲ್ಕು ದಿನ ರಸ್ತೆ ಬದಿಯಲ್ಲೇ ಅಡುಗೆ, ಅಲ್ಲೇ ನಿದ್ದೆ. ತಪ್ಪು ನನ್ನದೇ, ಆದರೆ ಟ್ರೇಲರ್ ಬಾಡಿಗೆ ಮಾತ್ರ ನಿಲ್ಲಲಿಲ್ಲ. ಆದ್ದರಿಂದ ಪಾಸ್ ಮಾಡಿಸುವ ಹೊಣೆ ಯಾರದು, ಗಾಡಿ ತಲುಪಿ 24 ಗಂಟೆ ಕಳೆದ ಮೇಲೆ ದಿನಕ್ಕೆ ಎಷ್ಟು ಹಾಲ್ಟಿಂಗ್ (ಗಾಡಿ ಕಾದು ನಿಂತದ್ದಕ್ಕೆ ಹಣ) ಕೊಡುತ್ತಾರೆ ಎಂಬುದನ್ನು ಗುತ್ತಿಗೆದಾರನಿಂದ ಬರೆಸಿಕೊಳ್ಳಿ. ‘ನೋಡೋಣ’ ಎಂದರೆ ಆ ಕೆಲಸ ಬಿಡಿ. ಮರಳುವಾಗ ಲೋಡ್ ಸಿಗುತ್ತದೆ ಎಂದೂ ನಂಬಬೇಡಿ. ಖಾಲಿ ಗಾಡಿಯ ಡೀಸೆಲ್ ಸೇರಿಸಿಯೇ ದರ ಹೇಳಿ.

ಪ್ರಶ್ನೆ: ಎಂಜಿನ್‌ಗೆ ವಿಮೆ, ಎಫ್‌ಸಿ (ಗಾಡಿಯ ಅರ್ಹತಾ ಪತ್ರ) ಎಲ್ಲವೂ ಇದೆ. ಸಾಲದೇ? ಎಷ್ಟು ಟನ್ ಹಾಕಬಹುದು?

ಉತ್ತರ: ಸಾಲದು. ಸೆಮಿ ಟ್ರೇಲರ್, ಅಂದರೆ ಮುಂಭಾಗ ಎಂಜಿನ್ ಮೇಲೆ ಕೂರುವ ಈ ಟ್ರೇಲರ್, ಕಾನೂನಿನ ಕಣ್ಣಿಗೆ ಬೇರೆಯೇ ವಾಹನ. ಅದಕ್ಕೆ ಅದರದೇ ನಂಬರು, ಆರ್‌ಸಿ (ನೋಂದಣಿ ಪತ್ರ), ಎಫ್‌ಸಿ, ವಿಮೆ ಇರಬೇಕು. ಎಂಟು ವರ್ಷ ದಾಟಿದ ಟ್ರೇಲರ್ ಆಗಿದ್ದರೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ಅಂಗಳದ ಮೂಲೆಯಲ್ಲಿ ಹುಲ್ಲು ಬೆಳೆದು ನಿಂತಿರುವ ಟ್ರೇಲರ್ ಅಗ್ಗಕ್ಕೆ ಸಿಕ್ಕರೆ ಮೊದಲು ಆ ಕಾಗದ ಕೇಳಿ.

ತೂಕದ ಮಾತು. 2018ರ ಪರಿಷ್ಕರಣೆಯ ನಂತರ ಎರಡು ಆಕ್ಸಲ್ ಎಂಜಿನ್, ಮೂರು ಆಕ್ಸಲ್ ಟ್ರೇಲರ್ ಜೋಡಿಗೆ ಒಟ್ಟು 45.5 ಟನ್ ಮಿತಿ. ಎರಡರ ಖಾಲಿ ತೂಕ 15 ಟನ್ ಬಂದರೆ ನಿಮಗೆ ಉಳಿಯುವುದು 30.5 ಟನ್. ಆದರೆ ನಿಮ್ಮ ಆರ್‌ಸಿಗಳಲ್ಲಿ ಕಡಿಮೆ ಬರೆದಿದ್ದರೆ ಅದಕ್ಕೇ ನಿಲ್ಲಿ. ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಹೆಚ್ಚುವರಿ ಲೋಡ್‌ಗೆ 20,000 ರೂಪಾಯಿ, ಜೊತೆಗೆ ಹೆಚ್ಚಿದ ಪ್ರತಿ ಟನ್ನಿಗೆ 2,000 ರೂಪಾಯಿ ದಂಡ ಹೇಳುತ್ತದೆ.

ಬಾಡಿಗೆಗೆ ಪಡೆಯುವ ಮುನ್ನ ಕಿಂಗ್ ಪಿನ್ (ಟ್ರೇಲರನ್ನು ಎಂಜಿನ್‌ಗೆ ಸಿಕ್ಕಿಸುವ ಗೂಟ) ಅಳೆಯಿರಿ. ಎರಡು ಇಂಚಿನದೂ ಇದೆ, ಮೂರೂವರೆ ಇಂಚಿನದೂ ಇದೆ. ನಿಮ್ಮ ಎಂಜಿನ್‌ನ ಟರ್ನ್ ಟೇಬಲ್‌ಗೆ (ಆ ಗೂಟ ಹಿಡಿಯುವ ತಟ್ಟೆಗೆ) ಹೊಂದದಿದ್ದರೆ ಮುಂಗಡ ಕೊಟ್ಟು ಬರಿಗೈಯಲ್ಲಿ ಬರುತ್ತೀರಿ.

ಪ್ರಶ್ನೆ (ಹಿರಿಯೂರಿನಿಂದ): ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿಯಿತು, ಆಗಸ್ಟ್‌ನಲ್ಲಿ ಕಾಳಿ ಸೇತುವೆ ಬಿತ್ತು. ಮಳೆಗಾಲದಲ್ಲಿ ಆ ಕಡೆ ಹೋಗುವುದು ಜಾಣತನವೇ?

ಉತ್ತರ: ಹುಬ್ಬಳ್ಳಿ, ಯಲ್ಲಾಪುರದ ಮೇಲೆ ಅಂಕೋಲಾಕ್ಕೆ ಇಳಿದು ಉತ್ತರಕ್ಕೆ ತಿರುಗಿದರೆ ಆ ಎರಡೂ ಜಾಗ ನಿಮ್ಮ ದಾರಿಯಲ್ಲಿಲ್ಲ. ಶಿರೂರು ಅಂಕೋಲಾದಿಂದ ದಕ್ಷಿಣಕ್ಕಿದೆ, ಕಾಳಿ ಸೇತುವೆ ಕಾರವಾರ ದಾಟಿದ ಮೇಲೆ. ನನಗೆ ಭಯ ಅರಬೈಲ್ ಘಟ್ಟದ್ದು. ಲೋಡ್ ಗಾಡಿ ಅಲ್ಲಿ ಇಳಿಯುತ್ತದೆ, ಖಾಲಿ ಗಾಡಿ ಏರುತ್ತದೆ. ನಮಗೆ ಬೇಕಾದದ್ದಕ್ಕೆ ತಿರುಗುಮುರುಗು. ಒದ್ದೆ ರಸ್ತೆಯಲ್ಲಿ ಟ್ರೇಲರ್‌ನ ಬ್ರೇಕ್ ಹಿಡಿಯದಿದ್ದರೆ ಹಿಂದಿನ ತೂಕ ಎಂಜಿನ್‌ಗೆ ಗುದ್ದಿ ಗಾಡಿ ಚಾಕುವಿನಂತೆ ಮಡಚಿಕೊಳ್ಳುತ್ತದೆ. ಬಾಡಿಗೆ ಟ್ರೇಲರ್‌ನ ಬ್ರೇಕನ್ನು ನಿಮ್ಮ ಮೆಕ್ಯಾನಿಕ್ ನೋಡಲಿ, ಮಾಲೀಕನ ಮಾತು ಸಾಲದು. ಘಟ್ಟದ ನೆತ್ತಿಯಲ್ಲೇ ಗೇರ್ ತಗ್ಗಿಸಿ.

ಪ್ರಶ್ನೆ (ದಾವಣಗೆರೆ): ಟ್ರೇಲರ್ ಮರಳಿಸುವಾಗ ತುಕ್ಕು ಹಿಡಿದಿದೆ ಎಂದು ತಕರಾರು ತೆಗೆದರೆ?

ಉತ್ತರ: ತೆಗೆದೇ ತೆಗೆಯುತ್ತಾರೆ. ಉಪ್ಪುಗಾಳಿಗೆ ಸ್ಪ್ರಿಂಗ್ ಪಟ್ಟಿ, ಬ್ರೇಕ್ ಡ್ರಮ್, ಎಂಜಿನ್ ಬಿಚ್ಚಿದಾಗ ಟ್ರೇಲರ್ ಊರಿ ನಿಲ್ಲುವ ಕಾಲು ಎಲ್ಲವೂ ಬೇಗ ಕೆಡುತ್ತವೆ. ಪ್ರತಿ ಟ್ರಿಪ್ ಮುಗಿದ ಮೇಲೆ ಸಿಹಿನೀರಿನಲ್ಲಿ ಅಡಿಭಾಗ ತೊಳೆಸಿ, ಗ್ರೀಸ್ ಹಾಕಿಸಿ. ಪಡೆಯುವ ದಿನವೇ ಮಾಲೀಕನ ಎದುರಿಗೆ ಸುತ್ತಲೂ ಫೋಟೋ ತೆಗೆದುಕೊಳ್ಳಿ. ಫೋಟೋ ಕೆಲಸ ಅವರ ಅಂಗಳದಲ್ಲೇ ಮುಗಿಯಲಿ. ನೌಕಾನೆಲೆಯ ಗೇಟಿನಲ್ಲಿ ನಿಮ್ಮ ಹುಡುಗ ಸೆಲ್ಫಿಗೆಂದು ಮೊಬೈಲ್ ಎತ್ತಿದರೆ ಹಾಲ್ಟಿಂಗ್ ಕೇಳುವುದಕ್ಕೂ ಬಾಯಿ ಇರುವುದಿಲ್ಲ.