ಅಪ್‌ಡೇಟ್: ಹೃದಯ ಕಸಿ ಆಗಿರುವ ಅಪ್ಪನಿಗೆ ಕೋವಿಡ್, ಕೊನೆಗೆ ಏನಾಯ್ತು ಅಂದ್ರೆ

ಹೃದಯ ಕಸಿಯಾಗಿ 4 ವರ್ಷ ಆಗಿರುವ ಅಪ್ಪನಿಗೆ ಕೋವಿಡ್ ಪಾಸಿಟಿವ್ ಬಂದಿದೆ, ಏನು ಮಾಡಲಿ ಅಂತ ಎರಡು ವಾರದ ಹಿಂದೆ ಗಾಬರಿಯಲ್ಲಿ ಕೇಳಿದ್ದೆ. ಅಪ್ಪ ಈಗ ಹುಷಾರಾಗಿದ್ದಾರೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಕೈಹಿಡಿದದ್ದು "ಯಾವ ಮಾತ್ರೆ ಕೊಡೋ ಮೊದಲೂ ಕಸಿ ಮಾಡಿದ ತಂಡಕ್ಕೆ ಫೋನ್ ಮಾಡಿ" ಅಂದವರ ಮಾತು. ಪ್ಯಾಕ್ಸ್‌ಲೋವಿಡ್ ಅನ್ನೋ ಕೋವಿಡ್ ಮಾತ್ರೆ ಕೊಡಿ ಅಂತ ಹಲವರು ಹೇಳಿದ್ರಿ. ಡಾಕ್ಟರನ್ನ ಕೇಳಿದೆ, ಬೇಡವೇ ಬೇಡ ಅಂದ್ರು. ಅದರಲ್ಲಿರುವ ರಿಟೊನಾವಿರ್, ದೇಹ ಕಸಿ ಹೃದಯವನ್ನು ತಿರಸ್ಕರಿಸದಿರಲಿ ಅಂತ ಅಪ್ಪ ದಿನಾ ತಗೊಳ್ಳುವ ಟ್ಯಾಕ್ರೊಲಿಮಸ್ ಮೈಯಿಂದ ಹೊರಹೋಗದಂತೆ ತಡೆಯುತ್ತದೆ. ರಕ್ತದಲ್ಲಿ ಅದರ ಮಟ್ಟ ಸಿಕ್ಕಾಪಟ್ಟೆ ಏರಿದರೆ ಕಿಡ್ನಿಗೇ ಕುತ್ತು. ಬದಲಿಗೆ 3 ದಿನ ವೈರಸ್ ತಡೆಯುವ ರೆಮ್‌ಡೆಸಿವಿರ್ ಡ್ರಿಪ್ ಹಾಕಿದರು.

"ರೋಗನಿರೋಧಕ ಶಕ್ತಿ ತಗ್ಗಿಸೋ ಮಾತ್ರೆಗಳನ್ನೆಲ್ಲ ನಿಲ್ಲಿಸಿಬಿಡಿ" ಅನ್ನೋ ಸಲಹೆ ಪಾಲಿಸದೇ ಇದ್ದದ್ದು ಪುಣ್ಯ. ದೇಹ ಆ ಹೃದಯವನ್ನೇ ತಿರಸ್ಕರಿಸಬಹುದಿತ್ತು. ಆ ಮಾತ್ರೆಗಳಲ್ಲಿ ಮೈಕೋಫಿನೊಲೇಟ್ ಒಂದನ್ನು ಮಾತ್ರ ಡಾಕ್ಟರೇ ಕೆಲವು ದಿನ ನಿಲ್ಲಿಸಿ ಮತ್ತೆ ಶುರು ಮಾಡಿದರು.

ನನಗೆ ಗೊತ್ತೇ ಇರದ ಸಂಗತಿ: ಭೇದಿ ಆದರೂ ಟ್ಯಾಕ್ರೊಲಿಮಸ್ ಮಟ್ಟ ಏರಬಹುದು! ಅಪ್ಪನಿಗೆ 2 ದಿನ ಭೇದಿಯಾಗಿತ್ತು. ಇದೇನು ದೊಡ್ಡದು ಅಂತ ಹೇಳದೇ ಇರೋದರಲ್ಲಿದ್ದೆ. ಹೇಳಿದ ಮೇಲೆ ರಕ್ತ ಪರೀಕ್ಷೆ ಮಾಡಿ ಡೋಸ್ ಇಳಿಸಿದರು. ದಯವಿಟ್ಟು ಇಂಥದ್ದನ್ನ ಮುಚ್ಚಿಡಬೇಡಿ.

ಅಪ್ಪನ ನಾಡಿ ನಿಮಿಷಕ್ಕೆ 100 ಇದೆ ಅಂತಲೂ ಹೆದರಿದ್ದೆ. ಆದರೆ ಕಸಿಯಲ್ಲಿ ಹೃದಯದ ನರಗಳು ಕತ್ತರಿಸಿ ಹೋಗುವುದರಿಂದ ಸುಮ್ಮನೆ ಕೂತಾಗಲೂ ಅಷ್ಟಿರೋದು ಮಾಮೂಲಂತೆ. ಅದೇ ಕಾರಣಕ್ಕೆ ಹೃದಯಕ್ಕೆ ತೊಂದರೆಯಾದರೂ ಎದೆನೋವು ಬರದೇ ಇರಬಹುದು. ಏದುಸಿರು, ಸುಸ್ತು, ಕಾಲೂತದ ಮೇಲೆ ಕಣ್ಣಿಡಿ.

ಟೆಸ್ಟ್ ಇನ್ನೂ ಪಾಸಿಟಿವ್ ಬರ್ತಿದೆ. ಕಸಿ ಆದವರ ಮೈಯಲ್ಲಿ ವೈರಸ್ ಹೆಚ್ಚು ದಿನ ಉಳಿಯಬಹುದಂತೆ. ಅದಕ್ಕೇ ಅಪ್ಪ ಇನ್ನೂ ಬೇರೆ ಕೋಣೆಯಲ್ಲೇ ಇದ್ದಾರೆ.