ಡಿಟೆಕ್ಟರ್ ಎಲ್ಲ ಕಡೆ ಕೂಗುತ್ತದೆ, ಯಾವ ಸದ್ದಿಗೆ ಅಗೆಯಲಿ?

ಪ್ರಶ್ನೆ, ಕಾರಟಗಿಯಿಂದ:

ಎಲ್ಲರಿಗೂ ನಮಸ್ಕಾರ. ನಮ್ಮವ್ವನ ಬಂಗಾರದ ಉಂಗುರ ಭತ್ತದ ಗದ್ದೆಯಲ್ಲಿ ಕಳೆದಿದೆ. ಕಳೆ ತೆಗೆಯಲು ಹೋಗುವಾಗ ಬೆರಳಲ್ಲಿತ್ತು, ಸಂಜೆ ಮನೆಗೆ ಬಂದಾಗ ಇರಲಿಲ್ಲ. 4 ಗ್ರಾಂ, ಹರಳಿಲ್ಲದ ಸಾದಾ ಉಂಗುರ. ಈಗ ಕೊಯ್ಲು ಆಗಿದೆ, ಬರೀ ಕೂಳೆ ಇದೆ. ಗೆಳೆಯನ ಮೆಟಲ್ ಡಿಟೆಕ್ಟರ್ ತಂದಿದ್ದೇನೆ. 0ಯಿಂದ 99ರವರೆಗೆ ನಂಬರ್ ತೋರಿಸುತ್ತದೆ. ನಿನ್ನೆ ಎರಡು ತಾಸಿನಲ್ಲಿ 43 ಕಡೆ ಕೂಗಿತು. 11 ಕಡೆ ಅಗೆದೆ. ಸಿಕ್ಕಿದ್ದು ಮೊಳೆ, ತಂತಿ, ಔಷಧಿ ಬಾಟಲಿಯ ಬಾಯಿಗೆ ಅಂಟಿಸುವ ಅಲ್ಯೂಮಿನಿಯಂ ಹಾಳೆ, ಒಂದು ನಟ್ಟು. ಸೊಂಟ ಹೋಯಿತು. ಇನ್ನು ಹದಿನೈದು ದಿನದಲ್ಲಿ ಮಣ್ಣು ಪುಡಿ ಮಾಡುವ ರೋಟವೇಟರ್ ಹೊಡೆಸಬೇಕು. ಯಾವುದಕ್ಕೆ ಅಗೆಯಬೇಕು, ಯಾವುದನ್ನು ಬಿಡಬೇಕು? ಅನುಭವ ಇದ್ದವರು ದಯವಿಟ್ಟು ಹೇಳಿ.

ಸಿಂಧನೂರಿನಿಂದ:

ತಮ್ಮಾ, ಇವತ್ತು ಅಗೆಯುವುದನ್ನು ನಿಲ್ಲಿಸು. ಮೊದಲು ಮನೆಯಲ್ಲಿ ಅದೇ ತೂಕದ ಇನ್ನೊಂದು ಉಂಗುರ ಇದ್ದರೆ ತೆಗೆದುಕೋ, ಇಲ್ಲವೇ ಅಕ್ಕನದ್ದೋ ಅತ್ತಿಗೆಯದ್ದೋ ಕೇಳು. ಅದಕ್ಕೆ ಉದ್ದನೆಯ ಕೆಂಪು ದಾರ ಕಟ್ಟು. ಅದೇ ಗದ್ದೆಯ ಮಣ್ಣಿನಲ್ಲಿ ಎರಡು ಇಂಚು ಆಳದಲ್ಲಿ ಇಟ್ಟು ಮಷೀನು ಆಡಿಸು. ಆಮೇಲೆ ನಾಲ್ಕು ಇಂಚು. ಒಮ್ಮೆ ಮಲಗಿಸಿ, ಒಮ್ಮೆ ನಿಲ್ಲಿಸಿ. ಪ್ರತಿ ಸಲ ನಂಬರ್ ಬರೆದಿಟ್ಟುಕೋ, ಸದ್ದನ್ನು ಕಿವಿಯಲ್ಲಿ ಇಟ್ಟುಕೋ. ನೀನು ಹುಡುಕಬೇಕಾದ ಸದ್ದು ಅದೇ. ಬೇರೆಯವರ ನಂಬರ್ ನಿನಗೆ ಬೇಡ. ಕೆಲವು ಮಷೀನು 99ರವರೆಗೆ ಎಣಿಸುತ್ತವೆ, ಕೆಲವು ಮೈನಸ್ 9ರಿಂದ 40ರವರೆಗೆ. ಇದರ ಲೆಕ್ಕ ಅದಕ್ಕೆ ಬರುವುದಿಲ್ಲ.

ದಾರ ಕಟ್ಟು ಅಂದಿದ್ದನ್ನು ಮರೆಯಬೇಡ. ನಾನು ದಾರ ಕಟ್ಟದೆ ಹೆಂಡತಿಯ ಉಂಗುರ ಹೂತಿಟ್ಟು, ಫೋನ್ ಬಂತು ಅಂತ ಬದುವಿನ ಕಡೆ ಹೋಗಿ ಬಂದೆ. ಅರ್ಧ ತಾಸು ಅದನ್ನೇ ಹುಡುಕಿದೆ. ಆವತ್ತಿನ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಈಗ ಮುಖ್ಯ ವಿಷಯ. ನಂಬರ್ ಅಂದರೆ ಲೋಹದ ಹೆಸರಲ್ಲ. ಮಷೀನಿನ ತುದಿಯ ದುಂಡು ತಟ್ಟೆ, ಅಂದರೆ ಕಾಯಿಲ್, ನೆಲಕ್ಕೆ ಅಯಸ್ಕಾಂತದ ಅಲೆ ಬಿಡುತ್ತದೆ. ಅದು ತಾಗಿದ ಲೋಹದಲ್ಲಿ ಸಣ್ಣ ಕರೆಂಟ್ ಸುತ್ತುತ್ತದೆ. ಅದು ಎಷ್ಟು ತಡವಾಗಿ ತಿರುಗಿ ಉತ್ತರ ಕೊಡುತ್ತದೆ ಅನ್ನುವುದರ ಮೇಲೆ ನಂಬರ್ ಬರುತ್ತದೆ. ಲೋಹ ಯಾವುದು ಅನ್ನುವುದರ ಜೊತೆಗೆ ಅದರ ದಪ್ಪ, ಗಾತ್ರ, ಆಕಾರ ಎಲ್ಲ ಸೇರಿ ಒಂದೇ ನಂಬರ್. ಹಾಗಾಗಿ ಸಣ್ಣ ಬಂಗಾರದ ಉಂಗುರವೂ ಅಲ್ಯೂಮಿನಿಯಂ ಚೂರೂ ಅಕ್ಕಪಕ್ಕ ಕೂರುತ್ತವೆ. ಬೆಳ್ಳಿ, ತಾಮ್ರ ಮೇಲೆ ಹೋಗುತ್ತವೆ, ಕಬ್ಬಿಣ ಕೆಳಗೆ. ಔಷಧಿ ಬಾಟಲಿಯ ಹಾಳೆ ಬೇಡ ಅಂತ ಡಿಸ್ಕ್ರಿಮಿನೇಶನ್, ಅಂದರೆ ಬೇಡದ ನಂಬರ್‌ಗಳ ಸದ್ದು ಮುಚ್ಚುವ ಸೆಟ್ಟಿಂಗ್, ಏರಿಸಿದರೆ ಹಾಳೆಯ ಜೊತೆ ಉಂಗುರವೂ ಸುಮ್ಮನಾಗುತ್ತದೆ. ಕಬ್ಬಿಣ ಒಂದನ್ನು ಮಾತ್ರ ಮುಚ್ಚು, ಉಳಿದದ್ದೆಲ್ಲ ಕೂಗಲಿ.

ಬಿಡಬಹುದಾದದ್ದು ಯಾವುದು ಅಂದರೆ, ಒಂದು ಕಡೆಯಿಂದ ಆಡಿಸಿದಾಗ ಚೆನ್ನಾಗಿ ಕೂಗಿ, ನೀನು ಕಾಲು ಸುತ್ತು ತಿರುಗಿ ನಿಂತು ಆಡಿಸಿದಾಗ ಗುರ್ ಅನ್ನುವಂಥದ್ದು. ಅದು ಹೆಚ್ಚಾಗಿ ಬಾಗಿದ ಮೊಳೆ. ನಮ್ಮ ಹೊಲದಲ್ಲಿ ಎತ್ತಿನ ಲಾಳದ ಮೊಳೆಗಳು ಹೀಗೇ ಮೋಸ ಮಾಡುತ್ತಿದ್ದವು. ಉಂಗುರ ನಾಲ್ಕು ದಿಕ್ಕಿನಿಂದಲೂ ಹೆಚ್ಚು ಕಡಿಮೆ ಒಂದೇ ಮಾತು ಹೇಳುತ್ತದೆ. ಇನ್ನೊಂದು, ಕಾಯಿಲನ್ನು ಮೊಣಕಾಲಿನ ಎತ್ತರಕ್ಕೆ ಎತ್ತಿದರೂ ಜೋರಾಗಿ ಕೂಗಿದರೆ ಅದು ಡಬ್ಬಿಯೋ ತಗಡೋ ಇರಬೇಕು. 4 ಗ್ರಾಂ ಉಂಗುರಕ್ಕೆ ಅಷ್ಟು ದೂರ ಕೂಗುವ ಶಕ್ತಿ ಇಲ್ಲ.

ಆಳಕ್ಕೂ ಹೋಗಬೇಡ. ಕೆಸರು ಮಾಡಿದ ಗದ್ದೆಯ ತಳದಲ್ಲಿ ಗಟ್ಟಿ ಪದರ ಕಟ್ಟಿರುತ್ತದೆ. ಕಾಲಡಿ ಸಿಕ್ಕಿದ್ದರೂ ಉಂಗುರ ಅದರ ಮೇಲೇ ನಿಲ್ಲುತ್ತದೆ. ಆದರೆ ನಿನ್ನದು ಎರಿ ಭೂಮಿ, ಅಂದರೆ ಕಪ್ಪು ಮಣ್ಣು, ಆಗಿದ್ದರೆ ಬಿಸಿಲಿಗೆ ಬಾಯಿ ಬಿಡುತ್ತದೆ. ಒಮ್ಮೆ ಬಿರುಕಿನಲ್ಲಿ ಇಳಿಯಿತು ಅಂದರೆ ನನ್ನ ಮಾತು ಸುಳ್ಳಾಗುತ್ತದೆ. ಅದಕ್ಕೇ ಬೇಗ ನೋಡು.

ಸಂಡೂರಿನಿಂದ:

ಕಾರಟಗಿಯವರೇ, ಸಂಡೂರಿನ ಕೆಂಪು ನೆಲದಲ್ಲಿ ಕಬ್ಬಿಣದ ಅದಿರಿನ ಚೂರು ತುಂಬಿರುತ್ತದೆ. ನಮ್ಮಲ್ಲಿ ಮಷೀನು ಆನ್ ಮಾಡಿದರೆ ನೆಲವೇ ಕೂಗುತ್ತದೆ. ನಾನು ಸೆನ್ಸಿಟಿವಿಟಿ ಪೂರ್ತಿ ಏರಿಸಿ ಎರಡು ದಿನ ಬರೀ ಕಲ್ಲು ಅಗೆದೆ. ಅರ್ಧಕ್ಕೆ ಇಳಿಸಿ, ಅದೇ ನೆಲದ ಮೇಲೆ ಗ್ರೌಂಡ್ ಬ್ಯಾಲೆನ್ಸ್ (ನೆಲದ ಸದ್ದನ್ನು ಮಷೀನು ಲೆಕ್ಕಕ್ಕೆ ಹಿಡಿಯದಂತೆ ಹೊಂದಿಸುವುದು) ಮಾಡಿದ ಮೇಲೆ ಕಿವಿಗೆ ಸಮಾಧಾನ ಆಯಿತು. ಆಳ ಸ್ವಲ್ಪ ಕಡಿಮೆ ಆಗುತ್ತದೆ, ನಿಮಗೆ ಹೇಗೂ ಆಳ ಬೇಡ ಅಲ್ವಾ. ಎರಿ ಭೂಮಿಯಲ್ಲಿ ಈ ಗೋಳು ಕಡಿಮೆ. ಆದರೆ ಕರೆಂಟ್ ಲೈನ್ ಕೆಳಗೆ, ಪಂಪ್‌ಸೆಟ್ ಓಡುವಾಗ ಸುಮ್ನೆ ಚಡಪಡಿಸುತ್ತದೆ. ಅದನ್ನು ಸಿಗ್ನಲ್ ಅಂದುಕೊಳ್ಳಬೇಡಿ.

ಗಂಗಾವತಿಯಿಂದ:

ಒಂದೇ ಮಾತು ಸೇರಿಸುತ್ತೇನೆ. ಮೊಳೆ ಸಿಕ್ಕಿತು ಅಂತ ಗುಂಡಿ ಮುಚ್ಚಿ ಮುಂದೆ ಹೋಗಬೇಡಿ. ಮತ್ತೆ ಕಾಯಿಲ್ ಹಿಡಿಯಿರಿ. ಕಬ್ಬಿಣದ ಸದ್ದು ಪಕ್ಕದಲ್ಲಿರುವ ಸಣ್ಣ ಸದ್ದನ್ನು ನುಂಗುತ್ತದೆ. ನನ್ನ ಮಗಳ ಕಿವಿಯ ಓಲೆ ಹೀಗೇ ಒಂದು ಬೋಲ್ಟಿನ ಪಕ್ಕ ಸಿಕ್ಕಿತ್ತು, ಎರಡನೇ ಸಲ ನೋಡಿದಾಗ. ಮಣ್ಣನ್ನು ಬೊಗಸೆಯಲ್ಲಿ ಹಿಡಿದು ಕಾಯಿಲ್ ಮೇಲೆ ದಾಟಿಸಿ. ಕೂಗಿದ ಬೊಗಸೆಯನ್ನು ಎರಡು ಪಾಲು ಮಾಡಿ ಮತ್ತೆ ದಾಟಿಸಿ. ಕೈಯಲ್ಲಿ ಕಡಗ, ವಾಚು ಇರಬಾರದು.

ಆನೆಗೊಂದಿ ಕಡೆಯಿಂದ:

ಸದ್ದಿನ ವಿಚಾರ ನನಗೆ ಗೊತ್ತಿಲ್ಲ, ಜನರ ವಿಚಾರ ಹೇಳುತ್ತೇನೆ. ಗದ್ದೆಗೆ ಇಳಿಯುವ ಮೊದಲು ಅಕ್ಕಪಕ್ಕದ ಹೊಲದವರಿಗೂ ಪಂಚಾಯಿತಿಯವರಿಗೂ ಹೇಳಿ. 2019ರ ಜುಲೈನಲ್ಲಿ ನಿಧಿಯಾಸೆಗೆ ನವಬೃಂದಾವನದ ವ್ಯಾಸರಾಜರ ಬೃಂದಾವನವನ್ನೇ ಒಡೆದುಹಾಕಿದರು. ಆಮೇಲೆ ಈ ಭಾಗದಲ್ಲಿ ಸಂಜೆ ಹೊತ್ತು ಒಬ್ಬ ಮಷೀನು ಹಿಡಿದು ನೆಲ ನೋಡುತ್ತಾ ನಡೆದರೆ ಜನ ಸೇರುತ್ತಾರೆ. ತಪ್ಪೂ ಅಲ್ಲ. ಹಳೆಯ ಗುಡಿ, ಶಾಸನ, ಕೋಟೆ ಹತ್ತಿರ ಡಿಟೆಕ್ಟರ್ ತೆಗೆಯಲೇಬೇಡಿ, ಅಲ್ಲಿ ಎಂಥ ಒಳ್ಳೆ ಸಿಗ್ನಲ್ ಬಂದರೂ ಅಗೆಯುವ ಹಕ್ಕು ನಮ್ಮದಲ್ಲ. ಸ್ವಂತ ಹೊಲದಲ್ಲೇ ಹಳೆಯ ನಿಧಿ ಸಿಕ್ಕರೂ ಜಿಲ್ಲಾಧಿಕಾರಿಗೆ ತಿಳಿಸಬೇಕು, ಕರ್ನಾಟಕದಲ್ಲಿ 1962ರಿಂದ ಇದಕ್ಕೆ ಕಾನೂನು ಇದೆ.

ಲಿಂಗಸುಗೂರಿನಿಂದ:

ಹಟ್ಟಿ ಬಂಗಾರದ ಗಣಿ ನಮ್ಮ ತಾಲ್ಲೂಕಿನಲ್ಲೇ ಇದೆ ಅಂತ ನೆಂಟರು ಡಿಟೆಕ್ಟರ್ ತಂದು ನಮ್ಮ ಹೊಲದಲ್ಲಿ ಆಡಿಸಿದರು, ಬಂಗಾರ ಕೂಗುತ್ತದೆ ಅಂತ! ಅಲ್ಲಿ ಬಂಗಾರ ಇರುವುದು ಕಲ್ಲಿನೊಳಗೆ, ಟನ್ನಿಗೆ ಕೆಲವೇ ಗ್ರಾಂ. ನಮಗೆ ಸಿಕ್ಕಿದ್ದು ಆರು ಮೂಲೆಯ 20 ಪೈಸೆ. ಹುಡುಕಿದ್ದು ಒಂದು, ಸಿಗುವುದು ಇನ್ನೊಂದು. ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಶಾಸನ ಕಂಡವರೂ ಬಂಗಾರದ ಗಣಿಯ ಇಂಜಿನಿಯರ್ ಬೀಡನ್.

ಸಿರುಗುಪ್ಪದಿಂದ:

ಅಣ್ಣಾರೇ, ನಾನು ಕಳೆ ತೆಗೆಯುವವಳು, ಮಷೀನು ಹಿಡಿದವಳಲ್ಲ. ಕಳೆ ಕೀಳುವಾಗ ಉಂಗುರ ಮಡಿಯ ನಡುವೆಯೇ ಬೀಳಬೇಕು ಅಂತೇನಿಲ್ಲ. ಕೀಳುವಾಗ ಮುಷ್ಟಿ ಬಿಗಿ ಇರುತ್ತದೆ. ಕಿತ್ತ ಕಳೆಯನ್ನು ಬದುವಿನ ಮೇಲೆ ಬೀಸಿ ಒಗೆಯುತ್ತೇವಲ್ಲ, ಆಗ ಬೆರಳು ಸಡಿಲ ಆಗುತ್ತದೆ. ಊಟಕ್ಕೆ ಮೊದಲು ಕಾಲುವೆಯಲ್ಲಿ ಕೈ ತಿಕ್ಕಿ ತೊಳೆಯುವಾಗಲೂ ಹಾಗೇ. ನೀರಿನಲ್ಲಿ ನೆನೆದ ಬೆರಳು ಸಣ್ಣಗಾಗಿರುತ್ತದೆ. ಅವ್ವನನ್ನು ಕರೆದುಕೊಂಡು ಹೋಗಿ, ಆವತ್ತು ಎಲ್ಲಿ ಶುರು ಮಾಡಿದರು, ಕಳೆ ಎಲ್ಲಿ ಒಗೆದರು, ಎಲ್ಲಿ ಬುತ್ತಿ ಬಿಚ್ಚಿದರು ಕೇಳಿ. ಅಲ್ಲಿ ಕೂಗಿದ್ದನ್ನು ಮೊದಲು ಅಗೆಯಿರಿ.

ಕಾರಟಗಿಯಿಂದ, ಐದು ದಿನದ ನಂತರ:

ಎಲ್ಲರಿಗೂ ಥ್ಯಾಂಕ್ಸ್. ಅಕ್ಕನ ಉಂಗುರಕ್ಕೆ ದಾರ ಕಟ್ಟಿ ನೋಡಿದೆ. 49ರಿಂದ 56ರ ಒಳಗೆ ಬರುತ್ತದೆ, ನಿಲ್ಲಿಸಿ ಇಟ್ಟರೆ ಸದ್ದು ಸ್ವಲ್ಪ ಸಣ್ಣದು. ಆಮೇಲೆ ಅಗೆಯದೆ ಬರೀ ನಡೆದು, ಆ ನಂಬರ್ ಬಂದ ಕಡೆಯೆಲ್ಲ ತೊಗರಿ ಕಟ್ಟಿಗೆ ಚುಚ್ಚಿದೆ. ಮೊದಲಿನ 43ರಲ್ಲಿ ಉಳಿದಿದ್ದ 32 ಸದ್ದುಗಳಿಗೆ ಬಂದ ಕಟ್ಟಿಗೆ ಒಂಬತ್ತೇ. ಒಂಬತ್ತನ್ನೂ ಅಗೆದೆ. ಆರು ಕಡೆ ಬಾಟಲಿಯ ಹಾಳೆ, ಎರಡು ಕಡೆ ಮಾತ್ರೆ ಪಟ್ಟಿ, ಒಂದು ಕಡೆ ಹಿತ್ತಾಳೆ ಗುಂಡಿ. ಉಂಗುರ ಇಲ್ಲ.

ನಿನ್ನೆ ಅವ್ವನನ್ನು ಕರೆದುಕೊಂಡು ಹೋದೆ. ಕಳೆಯನ್ನು ಬದುವಿನ ಮೇಲಲ್ಲ, ಬೇವಿನ ಮರದ ಬುಡಕ್ಕೆ ಗುಡ್ಡೆ ಹಾಕಿದ್ದರಂತೆ. ಅದು ಒಣಗಿ ಮಣ್ಣಾಗಿದೆ. ಕಾಯಿಲ್ ಹಿಡಿದೆ. 53, ನಾಲ್ಕು ದಿಕ್ಕಿನಿಂದಲೂ. ಬೊಗಸೆ ಬೊಗಸೆ ದಾಟಿಸಿದೆ, ಮೂರನೇ ಬೊಗಸೆ ಕೂಗಿತು. ಅವ್ವ ಈಗ ಉಂಗುರವನ್ನು ಬೆರಳಿಗೆ ಹಾಕುತ್ತಿಲ್ಲ, ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಾಳೆ. ಮಷೀನು ನಾಳೆ ಗೆಳೆಯನಿಗೆ ವಾಪಸ್.